ಲಾರಿ ಪಂಪಿನ ಆಯುಸ್ಸು ಇರುವುದು ಟ್ಯಾಂಕಿನಲ್ಲಿ

ಲಾರಿ ಗ್ಯಾರೇಜಿನಲ್ಲಿ ನಿಂತರೂ ಫೈನಾನ್ಸಿನ ಕಂತು ನಿಲ್ಲುವುದಿಲ್ಲ. ಟೈರು, ಕ್ಲಚ್ಚು, ಬ್ರೇಕ್ ಲೈನರ್‌ಗಳಿಗೆ ಆಗುವ ಖರ್ಚನ್ನು ಮಾಲೀಕರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಲೆಕ್ಕ ತಪ್ಪಿಸುವುದು ಡೀಸೆಲ್ ಪಂಪು. ನೆನ್ನೆಯವರೆಗೆ ಚೆನ್ನಾಗಿದ್ದ ಗಾಡಿ ಇವತ್ತು ದಿಬ್ಬ ಹತ್ತುವುದಿಲ್ಲ. ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಪಂಪು ಬಿಚ್ಚಿಸಿ ಕೆಲಸ ಮಾಡಿಸುವಷ್ಟರಲ್ಲಿ ಎರಡು ಟ್ರಿಪ್ಪಿನ ಲಾಭ ಹೋಗಿರುತ್ತದೆ.

ಹೀಗೆ ಕೆಟ್ಟ ಪಂಪನ್ನು ಬಿಚ್ಚಿ ಪ್ಲಂಜರ್‌ಗಳನ್ನು ಬೆಳಕಿಗೆ ಹಿಡಿದರೆ ಸಾಮಾನ್ಯವಾಗಿ ಮೂರು ಬಗೆಯ ಗುರುತು ಕಾಣುತ್ತವೆ: ತುಕ್ಕಿನ ಚುಕ್ಕೆ, ಉದ್ದಕ್ಕೆ ಎಳೆದ ಗೀರು, ಒಣಗಿ ಉಜ್ಜಿದ ಮಂಕು ಕಲೆ. ತುಕ್ಕು ನೀರಿನ ಕೆಲಸ, ಗೀರು ದೂಳಿನ ಕೆಲಸ. ಉಜ್ಜಿದ ಕಲೆ ಡೀಸೆಲಿನಲ್ಲಿ ಜಿಡ್ಡು ಸಾಲದ್ದರಿಂದ, ಇಲ್ಲವೇ ಪಂಪು ಡೀಸೆಲ್ ಇಲ್ಲದೆ ತಿರುಗಿದ್ದರಿಂದ ಆದದ್ದು. ಮೂರೂ ಬಂದದ್ದು ಟ್ಯಾಂಕಿನ ದಾರಿಯಿಂದಲೇ. ಪಂಪನ್ನು ಕಾಯಬೇಕಾದ ಜಾಗ ಅದೇ.

ನಿಮ್ಮ ಲಾರಿಯಲ್ಲಿರುವುದು ಯಾವ ಪಂಪು?

ಆರೈಕೆ ಪಂಪಿನ ಜಾತಿಯ ಮೇಲೆ ಬದಲಾಗುತ್ತದೆ. ಎಂಜಿನ್ನಿನ ಪಕ್ಕಕ್ಕೆ ಉದ್ದಕ್ಕೆ ಕೂತು, ಸಿಲಿಂಡರಿಗೊಂದರಂತೆ ಉಕ್ಕಿನ ಪೈಪುಗಳನ್ನು ಸಾಲಾಗಿ ಹೊರಡಿಸಿರುವುದು ಇನ್‌ಲೈನ್ ಪಂಪು. ಜರ್ಮನಿಯ ಬಾಷ್ ಕಂಪನಿ ಇದನ್ನು 1927ರಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು ಶುರು ಮಾಡಿತು. ನಮ್ಮಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಿಂದ ಇಂಥ ಪಂಪುಗಳನ್ನು ದೇಶಕ್ಕೆಲ್ಲ ಕೊಟ್ಟಿತು. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನವರ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ.

ಇನ್‌ಲೈನ್ ಪಂಪಿನ ಕೆಳಭಾಗದಲ್ಲಿ ಕ್ಯಾಮ್ ಶಾಫ್ಟ್, ರೋಲರ್, ಗವರ್ನರ್ ಇರುತ್ತವೆ. ಇವಕ್ಕೆ ಎಂಜಿನ್ ಆಯಿಲ್ ಬೇಕು. ಕೆಲವು ಹಳೆಯ ಪಂಪುಗಳಲ್ಲಿ ಆಯಿಲನ್ನು ಬೇರೆಯಾಗಿ ತುಂಬಬೇಕು, ಉಳಿದವಕ್ಕೆ ಎಂಜಿನ್ನಿನಿಂದಲೇ ಪೈಪಿನಲ್ಲಿ ಬರುತ್ತದೆ. ನಿಮ್ಮದು ಬೇರೆ ತುಂಬುವ ಜಾತಿಯದಾದರೆ ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗ ಪಂಪಿನ ಆಯಿಲನ್ನೂ ಬದಲಿಸಿ. ಪ್ಲಂಜರ್‌ಗಳ ಸಂದಿನಿಂದ ಜಿನುಗುವ ಡೀಸೆಲ್ ಆ ಆಯಿಲಿಗೆ ಸೇರಿ ಅದನ್ನು ನೀರಾಗಿಸುತ್ತದೆ. ಆದ್ದರಿಂದ ಮಟ್ಟ ಸರಿಯಾಗಿ ಕಂಡರೂ ಒಳಗಿರುವುದು ಅರ್ಧ ಡೀಸೆಲ್ ಆಗಿರಬಹುದು.

ಎರಡನೆಯದು ರೋಟರಿ ಪಂಪು. ಗುಂಡಗೆ, ಚಿಕ್ಕದಾಗಿರುವ ಇದು ಸಣ್ಣ ಲಾರಿ, ಪಿಕಪ್‌ಗಳಲ್ಲಿ ಹೆಚ್ಚು. ಇದರೊಳಗೆ ಪ್ರತ್ಯೇಕ ಆಯಿಲೇ ಇಲ್ಲ, ಒಳಗಿನ ಪ್ರತಿ ಭಾಗಕ್ಕೂ ಡೀಸೆಲ್ಲೇ ಎಣ್ಣೆ. ಮೂರನೆಯದು ಇಂದಿನ ಕಾಮನ್ ರೈಲ್ ಗಾಡಿಗಳ ಹೈ ಪ್ರೆಶರ್ ಪಂಪು. ಇವುಗಳಲ್ಲೂ ಹೆಚ್ಚಿನವು ಡೀಸೆಲಿನ ಜಿಡ್ಡನ್ನೇ ನಂಬಿವೆ. ಇನ್‌ಲೈನ್ ಪಂಪು ನೂರಾರು ಬಾರ್ ಒತ್ತಡದಲ್ಲಿ ಕೆಲಸ ಮಾಡಿದರೆ ಕಾಮನ್ ರೈಲಿನಲ್ಲಿ 1600 ಬಾರ್ ಮಾಮೂಲು, 2000 ದಾಟುವವೂ ಇವೆ. ಒತ್ತಡ ಏರಿದಷ್ಟೂ ಕೊಳೆಯನ್ನು ಸಹಿಸುವ ಶಕ್ತಿ ಇಳಿಯುತ್ತದೆ. ಹಳೆಯ ಲಾರಿ ಓಡಿಸಿದ ಅಭ್ಯಾಸದಲ್ಲೇ ಹೊಸದನ್ನು ಓಡಿಸಿದರೆ ಪೆಟ್ಟು ಬೀಳುವುದು ಇಲ್ಲಿ.

ಯಾವ ಜಾತಿಯಾದರೂ ಪ್ಲಂಜರ್ ಮತ್ತು ಅದು ಓಡಾಡುವ ಬ್ಯಾರಲ್ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣುವಷ್ಟು ದೊಡ್ಡ ಕೊಳೆ ಫಿಲ್ಟರಿನಲ್ಲೇ ನಿಲ್ಲುತ್ತದೆ. ಪಂಪನ್ನು ತಿನ್ನುವುದು ಕಣ್ಣಿಗೆ ಕಾಣದ ಕೊಳೆ. ಬಾಟಲಿಯಲ್ಲಿ ಹಿಡಿದ ಡೀಸೆಲ್ ತಿಳಿಯಾಗಿ ಕಂಡಿತೆಂದು ನೆಮ್ಮದಿಯಾಗಿರುವಂತಿಲ್ಲ.

ಗಂಧಕ ಹೋಯಿತು, ಜಿಡ್ಡೂ ಹೋಯಿತು

2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಿಎಸ್-6 ಡೀಸೆಲ್ ಬಂತು. ಅದರಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 10 ಭಾಗ. ಬಿಎಸ್-4ರಲ್ಲಿ ಅದು 50, ಬಿಎಸ್-3ರಲ್ಲಿ 350 ಇತ್ತು. ಗಂಧಕ ತಾನಾಗಿ ಪಂಪಿಗೆ ಎಣ್ಣೆಯಾಗಿರಲಿಲ್ಲ. ಆದರೆ ರಿಫೈನರಿಯಲ್ಲಿ ಹೈಡ್ರೋಜನ್ ಹಾಯಿಸಿ ಅದನ್ನು ತೆಗೆಯುವಾಗ, ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತಿದ್ದ ಬೇರೆ ಅಂಶಗಳೂ ಹೊರಟುಹೋಗುತ್ತವೆ. ಸ್ವೀಡನ್ನಿನಲ್ಲಿ 1990ರ ದಶಕದ ಶುರುವಿನಲ್ಲಿ ಗಂಧಕ ತೆಗೆದ ಡೀಸೆಲ್ ಬಂದಾಗ ರೋಟರಿ ಪಂಪುಗಳು ಬೇಗ ಬೇಗ ಸವೆದು ಈ ಸಂಗತಿ ಬೆಳಕಿಗೆ ಬಂತು. ಅಲ್ಲಿಂದ ಮುಂದೆ ಜಿಡ್ಡು ಕೊಡುವ ರಾಸಾಯನಿಕವನ್ನು ರಿಫೈನರಿಯಲ್ಲೇ ಬೆರೆಸುವ ಪದ್ಧತಿ ಬೆಳೆಯಿತು.

ನಮ್ಮಲ್ಲೂ ಡೀಸೆಲ್ಲಿಗೆ ಜಿಡ್ಡಿನ ಪರೀಕ್ಷೆ ಇದೆ. 60 ಡಿಗ್ರಿ ಬಿಸಿಯಲ್ಲಿ, ಡೀಸೆಲಿನಲ್ಲಿ ಮುಳುಗಿದ ಉಕ್ಕಿನ ತಟ್ಟೆಯ ಮೇಲೆ ಉಕ್ಕಿನ ಗುಂಡನ್ನು ಉಜ್ಜುತ್ತಾರೆ. ಗುಂಡಿನ ಮೇಲೆ ಬಿದ್ದ ಸವೆತದ ಕಲೆ 460 ಮೈಕ್ರಾನ್ ಮೀರಬಾರದು. ಅಂದರೆ ಒಳ್ಳೆಯ ಬಂಕಿನ ಡೀಸೆಲಿನಲ್ಲಿ ಬೇಕಾದ ಜಿಡ್ಡು ಇದ್ದೇ ಇರುತ್ತದೆ. ಮೇಲಿಂದ ಟೂ-ಟಿ ಆಯಿಲನ್ನೋ ಸೋಸಿದ ಹಳೆಯ ಎಂಜಿನ್ ಆಯಿಲನ್ನೋ ಸುರಿಯುವ ಅಗತ್ಯವಿಲ್ಲ. ಹಳೆಯ ಎಂಜಿನ್ ಆಯಿಲಿನಲ್ಲಿ ಲೋಹದ ಪುಡಿ, ಮಸಿ ತುಂಬಿರುತ್ತವೆ. ಬಟ್ಟೆಯಲ್ಲಿ ಸೋಸಿದರೆ ಅವು ಹೋಗುವುದಿಲ್ಲ. ಬಿಎಸ್-6 ಗಾಡಿಗಳಲ್ಲಂತೂ ಆಯಿಲ್ ಸುಟ್ಟ ಬೂದಿ ಸೈಲೆನ್ಸರಿನ ಮಸಿ ಫಿಲ್ಟರನ್ನು ಕಟ್ಟಿಸುತ್ತದೆ.

ಜಿಡ್ಡು ನಿಜವಾಗಿ ಕೈಕೊಡುವುದು ಸೀಮೆಎಣ್ಣೆ ಬೆರೆತಾಗ. ಸೀಮೆಎಣ್ಣೆ ಡೀಸೆಲ್ಲಿಗಿಂತ ತೆಳು. ಪ್ಲಂಜರಿನ ಸುತ್ತ ನಿಲ್ಲಬೇಕಾದ ಪದರ ನಿಲ್ಲದೆ ಲೋಹಕ್ಕೆ ಲೋಹ ತಾಗುತ್ತದೆ. ದಾರಿಬದಿಯ ಡಬ್ಬದ ಡೀಸೆಲ್ ಲೀಟರಿಗೆ ಕೆಲವು ರೂಪಾಯಿ ಉಳಿಸಿದಂತೆ ಕಂಡರೂ ಪಂಪು, ನಾಜಲ್‌ಗಳ ಬಿಲ್ಲಿನಲ್ಲಿ ಆ ಉಳಿತಾಯ ಬಡ್ಡಿ ಸಮೇತ ವಾಪಸ್ ಹೋಗುತ್ತದೆ. ಬಂಕಿನಲ್ಲಿ ಅನುಮಾನ ಬಂದರೆ ಡೀಸೆಲಿನ ಸಾಂದ್ರತೆ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಹೈಡ್ರೋಮೀಟರು, ಥರ್ಮಾಮೀಟರು ಬಂಕಿನಲ್ಲೇ ಇರುತ್ತವೆ.

ನೀರೇ ಮೊದಲ ಶತ್ರು

ಬಿಎಸ್-6 ಡೀಸೆಲಿನಲ್ಲಿ ಕಿಲೋಗೆ 200 ಮಿಲಿಗ್ರಾಮಿಗಿಂತ ಹೆಚ್ಚು ನೀರು ಇರಬಾರದೆಂಬ ನಿಯಮವಿದೆ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಹೊರಟ ಡೀಸೆಲ್ ಪೈಪ್‌ಲೈನಿನಲ್ಲಿ ಹಾಸನ, ದೇವನಗೊಂದಿಗೆ ಬಂದು, ಅಲ್ಲಿಂದ ಟ್ಯಾಂಕರ್ ಹತ್ತಿ, ಬಂಕಿನ ನೆಲದಡಿಯ ಟ್ಯಾಂಕು ಸೇರಿ, ಕೊನೆಗೆ ನಿಮ್ಮ ಲಾರಿಗೆ ಬರುತ್ತದೆ. ನೀರು ಸೇರುವ ಅವಕಾಶ ಹೆಚ್ಚಾಗಿ ಕೊನೆಯ ಎರಡು ಮೆಟ್ಟಿಲಲ್ಲಿ. ಮಳೆಗಾಲದಲ್ಲಿ ಅಂಗಳ ಮುಳುಗಿದ ಬಂಕಿನಲ್ಲಿ ಕೆಲವು ದಿನ ತುಂಬಿಸದಿರುವುದು ಒಳ್ಳೆಯದು. ಟ್ಯಾಂಕರ್ ಆಗಷ್ಟೇ ಡೀಸೆಲ್ ಇಳಿಸುತ್ತಿದ್ದರೂ ಮುಂದಿನ ಬಂಕಿಗೆ ಹೋಗಿ. ಇಳಿಸುವ ರಭಸಕ್ಕೆ ತಳದಲ್ಲಿ ಕೂತಿದ್ದ ನೀರು, ಕೊಳೆ ಮೇಲೆದ್ದಿರುತ್ತವೆ.

ಲಾರಿಯ ಟ್ಯಾಂಕೂ ತಾನೇ ನೀರು ಮಾಡಿಕೊಳ್ಳುತ್ತದೆ. ಡೀಸೆಲ್ ಖರ್ಚಾದಂತೆ ಆ ಜಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ. ಕರಾವಳಿಯ ತೇವದ ಗಾಳಿ ತುಂಬಿಕೊಂಡ ಟ್ಯಾಂಕು ರಾತ್ರಿ ಸಕಲೇಶಪುರದ ಚಳಿಯಲ್ಲಿ ನಿಂತರೆ ಒಳಗೋಡೆಯ ಮೇಲೆ ಹನಿ ಕಟ್ಟಿ ಇಳಿಯುತ್ತದೆ. ಅದಕ್ಕೇ ಸಂಜೆ ನಿಲ್ಲಿಸುವಾಗ ಟ್ಯಾಂಕು ಆದಷ್ಟು ತುಂಬಿರಲಿ. ಕಳವಿನ ಭಯವಿದ್ದರೆ ಬೀಗದ ಮುಚ್ಚಳ ಹಾಕಿಸಿ, ಅದರ ರಬ್ಬರ್ ವಾಷರ್ ಬಿರುಕು ಬಿಟ್ಟಿಲ್ಲವೆಂದು ನೋಡಿಕೊಳ್ಳಿ.

ನೀರು ಪಂಪಿನ ಉಕ್ಕಿಗೆ ತುಕ್ಕು ಹಿಡಿಸುವುದಷ್ಟೇ ಅಲ್ಲ, ಡೀಸೆಲ್ ಮತ್ತು ನೀರು ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಫಿಲ್ಟರಿನಲ್ಲಿ ಕಪ್ಪು ಲೋಳೆ ಕಂಡರೆ ಇದೇ ಕಾರಣ ಇರಬಹುದು. ಬಯೋಡೀಸೆಲ್ ಬೆರೆತ ಇಂಧನ ನೀರನ್ನು ಹೆಚ್ಚು ಹೀರುವುದರಿಂದ ಬೇಗ ಕೆಡುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಲಾರಿ, ಟ್ರ್ಯಾಕ್ಟರುಗಳನ್ನು ಟ್ಯಾಂಕು ತುಂಬಿಸಿಯೇ ನಿಲ್ಲಿಸಿ. ಮತ್ತೆ ಹೊರಡಿಸುವ ಮುನ್ನ ತಳದ ನೀರು ತೆಗೆಯಿರಿ.

ನೀರು ತೆಗೆಯುವುದು ಕಷ್ಟದ ಕೆಲಸವೇನಲ್ಲ. ರಾತ್ರಿಯಿಡೀ ಗಾಡಿ ನಿಂತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೀರು ಬೇರ್ಪಡಿಸುವ ಬಟ್ಟಲಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ, ಪಾರದರ್ಶಕ ಬಾಟಲಿಯಲ್ಲಿ ಹಿಡಿಯಿರಿ. ನೀರು ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರತೊಡಗಿದ ಮೇಲೆ ಸ್ಕ್ರೂ ಬಿಗಿಯಿರಿ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹತ್ತಿದರೆ ಊರು ಮುಟ್ಟಿದ ಮೇಲೆ ನೋಡೋಣ ಎನ್ನಬೇಡಿ, ಬದಿಗೆ ನಿಲ್ಲಿಸಿ ತೆಗೆಯಿರಿ. ತೆಗೆದದ್ದನ್ನು ಮಣ್ಣಿಗಾಗಲಿ ಚರಂಡಿಗಾಗಲಿ ಸುರಿಯಬೇಡಿ.

ಫಿಲ್ಟರ್ ಬದಲಿಸುವ ಕೈ ಶುಚಿಯಾಗಿರಲಿ

ಸಂಡೂರು, ಹೊಸಪೇಟೆ ಕಡೆಯ ಅದಿರಿನ ದಾರಿಯಲ್ಲಿ, ಕಲ್ಲು ಕ್ವಾರಿಗಳಲ್ಲಿ ಓಡುವ ಲಾರಿಗೂ ಹೆದ್ದಾರಿಯಲ್ಲಷ್ಟೇ ಓಡುವ ಲಾರಿಗೂ ಫಿಲ್ಟರಿನ ಲೆಕ್ಕ ಒಂದೇ ಆಗದು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಗರಿಷ್ಠ ಮಿತಿ. ದೂಳಿನ ಕೆಲಸವಾದರೆ ಅದಕ್ಕೂ ಮುಂಚೆ ಬದಲಿಸಿ. ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ರಂಧ್ರ ದೂಳಿನಿಂದ ಕಟ್ಟಿದರೆ ಒಳಗೆ ಎಳೆತ ಹುಟ್ಟಿ ಪಂಪಿಗೆ ಡೀಸೆಲ್ ಸಾಲದಾಗುತ್ತದೆ. ಅದನ್ನೂ ಆಗಾಗ ಒರೆಸಿ.

ನಕಲಿ ಫಿಲ್ಟರ್ ಹೊರಗಿನಿಂದ ಅಸಲಿಯಂತೆಯೇ ಇರುತ್ತದೆ, ಮೋಸ ಒಳಗಿನ ಕಾಗದದಲ್ಲಿ. ಬಿಲ್ ಕೊಡುವ ಅಧಿಕೃತ ಅಂಗಡಿಯಲ್ಲೇ ಕೊಳ್ಳಿ. ಹಳೆಯ ಇನ್‌ಲೈನ್ ಗಾಡಿಗಳಲ್ಲಿ ಎರಡು ಬಟ್ಟಲು ಇದ್ದರೆ ಎರಡನ್ನೂ ಗಮನಿಸಿ. ಫೀಡ್ ಪಂಪಿನ ಬಾಯಿಯಲ್ಲಿರುವ ಪುಟ್ಟ ಜಾಲರಿಯನ್ನು ಹೆಚ್ಚಿನವರು ಮರೆತಿರುತ್ತಾರೆ. ಅದನ್ನು ಬಿಚ್ಚಿ ಶುದ್ಧ ಡೀಸೆಲಿನಲ್ಲಿ ತೊಳೆಯಿರಿ.

ಬದಲಿಸುವಾಗ ಮೊದಲು ಫಿಲ್ಟರಿನ ಹೊರಮೈ ಒರೆಸಿ, ಆಮೇಲೆ ಬಿಚ್ಚಿ. ನೂಲು ಬಿಡುವ ವೇಸ್ಟ್ ಬಟ್ಟೆ ಬೇಡ. ಬಿಚ್ಚಿದ ಪೈಪಿನ ಬಾಯಿಗೆ ಶುಚಿಯಾದ ಮುಚ್ಚಳ ಹಾಕಿ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಕೂರಿಸುವುದು ಹಳೆಯ ರೂಢಿ. ಕಾಮನ್ ರೈಲಿನಲ್ಲಿ ಅದು ಅಪಾಯ, ಏಕೆಂದರೆ ಸುರಿದ ಡೀಸೆಲ್ ಸೋಸದೆಯೇ ಪಂಪಿನ ಕಡೆಗೆ ಹೋಗಬಹುದು. ಖಾಲಿ ಫಿಲ್ಟರ್ ಕೂರಿಸಿ ಹ್ಯಾಂಡ್ ಪ್ರೈಮರಿನಿಂದ ತುಂಬಿಸಿ.

ಮನೆಯಲ್ಲೋ ಕ್ವಾರಿಯಲ್ಲೋ ಬ್ಯಾರಲ್ ಇಟ್ಟು ಡೀಸೆಲ್ ಹಾಕುವವರು ಸತು ಲೇಪಿಸಿದ ಡ್ರಮ್ಮು ಬಳಸಬೇಡಿ. ಸತು ಡೀಸೆಲಿನೊಂದಿಗೆ ಸೇರಿ ಅಂಟು ಕಸ ಮಾಡುತ್ತದೆ. ಬ್ಯಾರಲನ್ನು ಒಂದು ದಿನ ಅಲ್ಲಾಡಿಸದೆ ಬಿಟ್ಟು, ಹೀರುವ ಪೈಪನ್ನು ತಳದಿಂದ ಗೇಣು ಮೇಲಿಟ್ಟು ತೆಗೆಯಿರಿ.

ಟ್ಯಾಂಕು ಬತ್ತಿಸಬೇಡಿ

ಪಂಪಿಗೆ ಡೀಸೆಲ್ಲೇ ಎಣ್ಣೆಯಾದ ಮೇಲೆ ಡೀಸೆಲ್ ಮುಗಿಯುವುದೆಂದರೆ ಎಣ್ಣೆ ಮುಗಿದಂತೆ. ರೋಟರಿ, ಕಾಮನ್ ರೈಲ್ ಪಂಪುಗಳು ಗಾಳಿ ಕುಡಿಯುತ್ತ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಗಾಯವಾಗುತ್ತದೆ. ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗಿಳಿಯದಿರಲಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಪಂಪಿನಿಂದ, ನಾಜಲ್ಲುಗಳಿಂದ ಹೆಚ್ಚಾದ ಡೀಸೆಲ್ ಬಿಸಿಯಾಗಿ ಟ್ಯಾಂಕಿಗೆ ಮರಳುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿದ್ದಷ್ಟೂ ಅದು ಬೇಗ ಕಾದು ತೆಳುವಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಲೋಡು ಎಳೆಯುವಾಗ ಇದರ ಪರಿಣಾಮ ಹೆಚ್ಚು.

ಹಾಗೂ ಡೀಸೆಲ್ ಮುಗಿದು ಏರ್ ಹಿಡಿದರೆ ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಹ್ಯಾಂಡ್ ಪ್ರೈಮರ್ ಒತ್ತಿ, ಇನ್‌ಲೈನ್ ಗಾಡಿಯಾದರೆ ಫಿಲ್ಟರಿನ ಏರ್ ಸ್ಕ್ರೂ, ಆಮೇಲೆ ಪಂಪಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿಯಿರಿ. ಆಮೇಲೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಬಿಡುವು ಕೊಡಿ. ದಿನಾ ಬೆಳಿಗ್ಗೆ ಏರ್ ಹಿಡಿಯುತ್ತಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲೋ ಕಾಪರ್ ವಾಷರಿನಲ್ಲೋ ಸೋರಿಕೆಯಿದೆ. ಅಲ್ಲಿ ಡೀಸೆಲ್ ಹೊರಗೆ ಜಿನುಗದೆ ಗಾಳಿ ಒಳಗೆ ಎಳೆದುಕೊಳ್ಳುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಕಾಮನ್ ರೈಲಿನಲ್ಲಿ ಎಂಜಿನ್ ಓಡುತ್ತಿರುವಾಗ ನಾಜಲ್ ಪೈಪಿನ ನಟ್ಟು ಸಡಿಲಿಸಬೇಡಿ. ಯಾವ ಸಿಲಿಂಡರ್ ಮಿಸ್ಸಿಂಗ್ ಎಂದು ಹುಡುಕಲು ಹಳೆಯ ಮೆಕ್ಯಾನಿಕ್‌ಗಳು ಹೀಗೆ ಮಾಡುತ್ತಿದ್ದರು. ಈಗಿನ ಒತ್ತಡದಲ್ಲಿ ಹೊರಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡ ಮಾಡಿದರೆ ಬೆರಳು, ಕೈ ಕಳೆದುಕೊಳ್ಳಬೇಕಾದೀತು. ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒತ್ತಡದಿಂದ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಬೇಕು.

ನೀಲಿ ಮುಚ್ಚಳದ ಎಚ್ಚರ

ಹೊಸ ಲಾರಿಗಳಲ್ಲಿ ಹೊಗೆ ಶುದ್ಧಿಗೆ ಡಿಇಎಫ್ ಹಾಕುತ್ತಾರೆ. ಇದು ಶೇಕಡಾ 32.5ರಷ್ಟು ಯೂರಿಯಾ ಕರಗಿಸಿದ ನೀರು. ನೀಲಿ ಮುಚ್ಚಳದ ಚಿಕ್ಕ ಟ್ಯಾಂಕಿಗೆ ಹೋಗಬೇಕಾದ ಇದು ರಾತ್ರಿಯ ಆತುರದಲ್ಲಿ ಡೀಸೆಲ್ ಟ್ಯಾಂಕಿಗೆ ಹೋದರೆ ಪಂಪಿಗೆ ಕಂಟಕ. ನೀರು ತುಕ್ಕು ಹಿಡಿಸುತ್ತದೆ, ಯೂರಿಯಾ ಹರಳುಗಟ್ಟಿ ಸಂದುಗಳಲ್ಲಿ ಕೂರುತ್ತದೆ. ಹೀಗಾದರೆ ಕೀಲಿಯನ್ನೂ ಆನ್ ಮಾಡಬೇಡಿ. ಕೆಲವು ಗಾಡಿಗಳಲ್ಲಿ ಕೀಲಿ ತಿರುಗಿಸಿದ ಕೂಡಲೇ ಟ್ಯಾಂಕಿನ ಎಲೆಕ್ಟ್ರಿಕ್ ಪಂಪು ಓಡುತ್ತದೆ. ಅಲ್ಲೇ ನಿಲ್ಲಿಸಿ ಟ್ಯಾಂಕು ಪೂರ್ತಿ ಬಸಿದು ತೊಳೆಸುವ ಖರ್ಚು, ಮುಂದೆ ಬರುವ ಬಿಲ್ಲಿನ ಮುಂದೆ ಏನೇನೂ ಅಲ್ಲ.

ಸೀಲ್ ಒಡೆಯುವುದು, ತಣ್ಣೀರು ಸುರಿಯುವುದು

ಪಿಕಪ್ ಸಾಲದೆಂದು ಪಂಪಿನ ಸೀಸದ ಸೀಲ್ ಒಡೆದು ಡೀಸೆಲ್ ಏರಿಸುವವರಿದ್ದಾರೆ. ಎರಡು ದಿನ ಗಾಡಿ ಚುರುಕಾದಂತೆ ಅನಿಸುತ್ತದೆ. ಹೆಚ್ಚಾದ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಹೋಗುತ್ತದೆ, ಪಿಸ್ಟನ್ ಕಾಯುತ್ತದೆ, ಮೈಲೇಜು ಇಳಿಯುತ್ತದೆ. ಪಿಕಪ್ ಕುಸಿದಿದ್ದರೆ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟರ್ಬೊ ಪೈಪು ನೋಡಬೇಕು. ಘಾಟಿ ಇಳಿಯುವಾಗ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಎಂದಿಗೂ ಬೇಡ. ಆದರೆ ಎಂಜಿನ್ ವೇಗದ ಮುಳ್ಳು ಕೆಂಪು ಗೆರೆ ದಾಟದಂತೆ ಬ್ರೇಕಿನ ನೆರವು ಕೊಡಿ. ಅತಿವೇಗದಲ್ಲಿ ಪಂಪಿನ ಗವರ್ನರ್ ಕೂಡ ದಣಿಯುತ್ತದೆ.

ಬಿಸಿ ಗಾಡಿ ಸ್ಟಾರ್ಟ್ ಆಗದಾಗ ಪಂಪಿನ ಮೇಲೆ ತಣ್ಣೀರು ಸುರಿದು ಸೆಲ್ಫ್ ಹೊಡೆಯುವ ಚಾಳಿಯೊಂದಿದೆ. ತಣ್ಣಗಾದ ಡೀಸೆಲ್ ಗಟ್ಟಿಯಾಗಿ ಸವೆದ ಸಂದಿನಲ್ಲಿ ಸೋರುವುದು ಕಮ್ಮಿಯಾಗುವುದರಿಂದ ಗಾಡಿ ಹೊರಡುತ್ತದೆ. ಇದರಿಂದ ಪ್ಲಂಜರ್ ಸವೆದಿದೆಯೆಂದು ಗೊತ್ತಾಗುತ್ತದೆ, ಸವೆತ ಮಾತ್ರ ಹಾಗೇ ಉಳಿಯುತ್ತದೆ. ಮೇಲಾಗಿ ಹೊರಗಿನ ಲೋಹ ಥಟ್ಟನೆ ಕುಗ್ಗಿ ಪ್ಲಂಜರ್ ಹಿಡಿದುಕೊಳ್ಳುವ ಅಪಾಯವಿದೆ. ವಾಟರ್ ಸರ್ವಿಸಿಗೆ ಬಿಟ್ಟಾಗಲೂ ಎಂಜಿನ್ ಆರಿದ ಮೇಲೆಯೇ ಪಂಪಿನ ಕಡೆ ನೀರು ಬಿಡಿಸಿ.

ಪಂಪು ಕೊಡುವ ಸೂಚನೆಗಳು

ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದು, ಐಡ್ಲಿಂಗಿನಲ್ಲಿ ಎಂಜಿನ್ ಏರಿಳಿಯುವುದು, ಲೋಡಿನಲ್ಲಿ ಎಳೆತ ಕುಸಿಯುವುದು ಪರೀಕ್ಷೆಗೆ ಕಾರಣ. ಎಂಜಿನ್ ಆಯಿಲಿನ ಮಟ್ಟ ತಾನಾಗಿ ಏರಿದರೆ ಪಂಪಿನಿಂದಲೋ ಫೀಡ್ ಪಂಪಿನಿಂದಲೋ ಡೀಸೆಲ್ ಒಳಗೆ ಇಳಿಯುತ್ತಿರಬಹುದು. ಹಾಗೆಯೇ ಓಡಿಸಿದರೆ ಬೇರಿಂಗುಗಳೂ ಹೋಗುತ್ತವೆ. ಕಾಮನ್ ರೈಲ್ ಗಾಡಿಯ ಹಳೆಯ ಫಿಲ್ಟರ್ ಕತ್ತರಿಸಿದಾಗ ಹೊಳೆಯುವ ಲೋಹದ ಪುಡಿ ಕಂಡರೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ಪಂಪು ಒಳಗೇ ಅರೆದುಕೊಳ್ಳುತ್ತಿರಬಹುದು. ಆ ಪುಡಿ ನಾಜಲ್ಲುಗಳಿಗೂ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೂ ಹೋಗಿ ಮತ್ತೆ ಸುತ್ತುತ್ತದೆ.

ರಿಪೇರಿಗೆ ಕೊಡುವುದಾದರೆ ಟೆಸ್ಟ್ ಬೆಂಚ್ ಇರುವ ಕಡೆಯೇ ಕೊಡಿ. ಇನ್‌ಲೈನ್ ಪಂಪಿನ ಎಲ್ಲ ಪೈಪುಗಳಿಂದಲೂ ಒಂದೇ ಅಳತೆಯ ಡೀಸೆಲ್ ಬರಬೇಕು. ಆ ಅಳತೆಯ ಚೀಟಿ ಕೇಳಿ ಪಡೆಯಿರಿ. ನಾಜಲ್ಲುಗಳನ್ನೂ ಜೊತೆಗೇ ಪರೀಕ್ಷಿಸಿ. ಸರಿಯಾದ ಪಂಪನ್ನು ಮತ್ತೆ ಕೂರಿಸುವ ಮುನ್ನ ಟ್ಯಾಂಕು ಇಳಿಸಿ ತೊಳೆಯಿರಿ, ಪೈಪುಗಳಿಗೆ ಗಾಳಿ ಹೊಡೆಯಿರಿ, ಹೊಸ ಫಿಲ್ಟರ್ ಹಾಕಿ. ಪಂಪು ಹೊಸದಾಗಿ ಟ್ಯಾಂಕು ಹಳೆಯದಾಗಿಯೇ ಉಳಿದರೆ ಅದೇ ರಿಪೇರಿ ಮತ್ತೆ ಬರುತ್ತದೆ.

ಯಾವಾಗ ಏನು ಮಾಡಬೇಕು

- ದಿನಾ: ಹೊರಡುವ ಮುನ್ನ ಎಂಜಿನ್ ಆಯಿಲ್ ಮಟ್ಟ, ಪಂಪಿನ ಸುತ್ತ ಒದ್ದೆ ಇದೆಯೇ ನೋಡಿ. ಸಂಜೆ ಟ್ಯಾಂಕು ತುಂಬಿಸಿ.
- ವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನಾ: ಫಿಲ್ಟರಿನ ತಳದ ನೀರು ತೆಗೆಯಿರಿ.
- ಪ್ರತಿ ಆಯಿಲ್ ಬದಲಾವಣೆಗೆ: ಬೇರೆ ಆಯಿಲ್ ಇರುವ ಪಂಪಾದರೆ ಅದನ್ನೂ ಬದಲಿಸಿ, ಫೀಡ್ ಪಂಪಿನ ಜಾಲರಿ ತೊಳೆಯಿರಿ.
- ಪುಸ್ತಕದ ಮಿತಿಯೊಳಗೆ, ದೂಳಿನ ಕೆಲಸದಲ್ಲಿ ಇನ್ನೂ ಮುಂಚೆ: ಡೀಸೆಲ್ ಫಿಲ್ಟರ್ ಬದಲಿಸಿ.
- ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ: ಟ್ಯಾಂಕಿನ ಡ್ರೈನ್ ಬಿಚ್ಚಿ ತಳದ ಕೆಸರು ತೆಗೆಸಿ, ಮುಚ್ಚಳದ ವಾಷರ್ ಬದಲಿಸಿ.

ನೀರು ತೆಗೆಯುವುದು ಡ್ರೈವರ್, ಬಿಲ್ಲು ಕಟ್ಟುವುದು ಮಾಲೀಕ. ಈ ಕೆಲಸ ತಪ್ಪಿಹೋಗುವುದು ಇಬ್ಬರ ನಡುವಿನ ಸಂದಿನಲ್ಲೇ. ಕ್ಯಾಬಿನ್ನಿನಲ್ಲಿ ಒಂದು ಪುಸ್ತಕ ಇಟ್ಟು, ಯಾವ ಬಂಕಿನಲ್ಲಿ ಎಷ್ಟು ತುಂಬಿಸಿದ್ದು, ಯಾವ ದಿನ ಎಷ್ಟು ನೀರು ಬಂದದ್ದು, ಯಾವ ಕಿಲೋಮೀಟರಿಗೆ ಫಿಲ್ಟರ್ ಬದಲಿಸಿದ್ದು ಬರೆಯುವಂತೆ ಡ್ರೈವರಿಗೆ ಹೇಳಿ. ಆ ಕೆಲಸಕ್ಕೆ ಬಾಟಾದ ಜೊತೆ ಸ್ವಲ್ಪ ಹೆಚ್ಚಿಗೆ ಕೊಟ್ಟರೂ ನಷ್ಟವಿಲ್ಲ. ಕೆಲವು ತಿಂಗಳಾದ ಮೇಲೆ ಯಾವ ಬಂಕಿನ ಡೀಸೆಲಿನಲ್ಲಿ ನೀರು ಹೆಚ್ಚು ಎಂಬುದು ಆ ಪುಸ್ತಕದಲ್ಲೇ ಸಿಗುತ್ತದೆ. ಮುಂದಿನ ಟ್ರಿಪ್ಪಿಗೆ ಎಲ್ಲಿ ತುಂಬಿಸಬೇಕೆಂಬುದನ್ನು ಆ ಲೆಕ್ಕ ನೋಡಿ ತೀರ್ಮಾನಿಸಿ.